ನಾವು ನಂಬದ್ದನ್ನು ಮಕ್ಕಳಿಗೆ ಕೊಡಬಹುದೆ?

"ಕತ್ತಲಾದ ಮೇಲೆ ಉಗುರು ತೆಗೆಯಬೇಡ." "ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನು." "ರಾತ್ರಿ ಮೊಸರು ತಿಂದರೆ ಶೀತ." "ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಏನನ್ನೂ ಮುಟ್ಟಬಾರದು." ಇಂಥ ಮಾತುಗಳನ್ನು ಕೇಳದೆ ಬೆಳೆದವರು ನಮ್ಮ ಕನ್ನಡ ಕೂಟದಲ್ಲಿ ಬಹುಶಃ ಒಬ್ಬರೂ ಇರಲಾರರು. ಕೇಳಿಕೊಂಡು ಬೆಳೆದೆವು, ಕೆಲವನ್ನು ಪಾಲಿಸಿದೆವು, ಕೆಲವನ್ನು ಕಾಲೇಜು ಸೇರಿದ ಮೇಲೆ ಗೇಲಿ ಮಾಡಿದೆವು. ಆಮೇಲೆ ಸಮುದ್ರ ದಾಟಿ ಅಮೆರಿಕಕ್ಕೆ ಬಂದೆವು. ಈಗ ಆಶ್ಚರ್ಯವೆಂದರೆ, ಅಂದು ಗೇಲಿ ಮಾಡಿದ ಮಾತುಗಳೇ ನಮ್ಮ ಬಾಯಿಂದ ನಮಗೇ ತಿಳಿಯದಂತೆ ಹೊರಬರುತ್ತಿವೆ.

ನಾವು ಚಿಕ್ಕವರಾಗಿದ್ದಾಗ "ಯಾಕೆ?" ಎಂದು ಕೇಳಿದರೆ "ದೊಡ್ಡವರು ಹೇಳಿದ್ದು, ಸುಮ್ಮನೆ ಕೇಳು" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಇಲ್ಲಿಯ ಮಕ್ಕಳ ಹತ್ತಿರ ಅದು ನಡೆಯುವುದಿಲ್ಲ. ಕಾರಣ ಕೇಳುವುದನ್ನು ಶಾಲೆಯಲ್ಲೇ ಕಲಿಸುತ್ತಾರೆ. ಅವರು ಕೇಳುವ ಪ್ರಶ್ನೆಯೂ ಬೇರೆ. "ಇದು ನಿಜವೇ?" ಎಂದಷ್ಟೇ ಕೇಳಿ ಬಿಡುವುದಿಲ್ಲ. "ನೀನು ಇದನ್ನು ನಂಬುತ್ತೀಯಾ ಅಪ್ಪಾ?" ಎಂದು ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಪುಸ್ತಕ ನೋಡಿ ಉತ್ತರ ಹೇಳಬಹುದು. ಎರಡನೆಯದಕ್ಕೆ ನಮ್ಮನ್ನೇ ನೋಡಿಕೊಳ್ಳಬೇಕು. ಆದ್ದರಿಂದ ಇದು ವಿಜ್ಞಾನದ ಪ್ರಶ್ನೆಗಿಂತ ಹೆಚ್ಚಾಗಿ ನೀತಿಯ ಪ್ರಶ್ನೆ: ನಾವೇ ನಂಬದ ಒಂದು ನಂಬಿಕೆಯನ್ನು ಮಕ್ಕಳ ಕೈಗೆ ಕೊಡಬಹುದೆ? ಕೊಡದಿದ್ದರೆ ಅವರಿಗೆ ಅನ್ಯಾಯ ಮಾಡಿದಂತೆ ಆಗುತ್ತದೆಯೆ?

ಇದಕ್ಕೆ ಎರಡು ಸುಲಭವಾದ ಉತ್ತರಗಳು ಚಲಾವಣೆಯಲ್ಲಿವೆ.

ಒಂದು, "ನಮ್ಮ ಹಿರಿಯರು ಮಾಡಿದ್ದರಲ್ಲೆಲ್ಲ ವಿಜ್ಞಾನವಿದೆ" ಎನ್ನುವುದು. ಬಾಗಿಲಿಗೆ ಮಾವಿನ ತೋರಣ ಕಟ್ಟಿದರೆ ಗಾಳಿ ಶುದ್ಧವಾಗುತ್ತದೆ, ಗಂಟೆ ಹೊಡೆದರೆ ಕ್ರಿಮಿ ಸಾಯುತ್ತದೆ, ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಅಯಸ್ಕಾಂತ ರಕ್ತದ ಕಬ್ಬಿಣವನ್ನು ಎಳೆಯುತ್ತದೆ, ಇತ್ಯಾದಿ. ಕೇಳಲು ಹಿತ, ಅಭಿಮಾನವೂ ಉಕ್ಕುತ್ತದೆ. ಆದರೆ ಹೈಸ್ಕೂಲಿಗೆ ಹೋಗುವ ಮಗ ರಕ್ತದಲ್ಲಿರುವ ಕಬ್ಬಿಣ ಹಾಗೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ ಎಂದು ಕಲಿತು ಬಂದ ದಿನ ನಮ್ಮ ಗತಿ ಏನು? ಅವತ್ತು ಅವನು ಆ ಒಂದು ಮಾತನ್ನು ಮಾತ್ರ ಬಿಡುವುದಿಲ್ಲ. ನಾವು ಹೇಳಿದ ಉಳಿದ ಮಾತುಗಳನ್ನೂ ಅದೇ ಬುಟ್ಟಿಗೆ ಹಾಕುತ್ತಾನೆ. ನಮ್ಮ ಅಜ್ಜಿಯರು ತೋರಣ ಕಟ್ಟಿದ್ದು ಹಬ್ಬ ಎಂದು. ಗಾಳಿಯ ಲೆಕ್ಕ ಹಾಕಿ ಅಲ್ಲ. ಅವರಿಗಿಲ್ಲದ ಕಾರಣವನ್ನು ನಾವು ಅವರ ಮೇಲೆ ಹೇರುವುದು ಅವರಿಗೆ ಕೊಡುವ ಗೌರವವೂ ಅಲ್ಲ.

ಇನ್ನೊಂದು, "ಎಲ್ಲ ಮೌಢ್ಯ, ಬಿಟ್ಟುಬಿಡಿ" ಎನ್ನುವುದು. ಇದರಲ್ಲಿ ಒಂದು ಪ್ರಾಮಾಣಿಕತೆ ಇದೆ, ಒಪ್ಪೋಣ. ಆದರೆ ಈ ಉತ್ತರ ತೀರ ಅವಸರದ್ದು. ಒಂದೊಂದು ಆಚರಣೆಯೂ ಒಂದು ಹೇಳಿಕೆಯಷ್ಟೇ ಅಲ್ಲ, ಒಂದು ನಡತೆಯೂ ಹೌದು. ಹೇಳಿಕೆ ಸುಳ್ಳಾದ ಮಾತ್ರಕ್ಕೆ ನಡತೆಯೂ ಕೆಟ್ಟದ್ದೆಂದು ಆಗುವುದಿಲ್ಲ. "ಹೋಗಿ ಬರ್ತೀನಿ" ಎಂದರೆ ಅಪಘಾತ ತಪ್ಪುತ್ತದೆಂದು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಆದರೂ ಬಾಗಿಲಲ್ಲಿ ನಿಂತ ಮಗಳ ಬಾಯಲ್ಲಿ ಆ ಮಾತು ಕೇಳಿದಾಗ ಮನಸ್ಸಿಗೆ ಹಾಯೆನಿಸುತ್ತದೆ. ನಿಮ್ಮನ್ನು ಬಿಟ್ಟು ಹೋಗುತ್ತಿಲ್ಲ, ಬರುವವಳಿದ್ದೇನೆ ಎಂದು ಹೇಳುವ ರೀತಿ ಅದು.

ಹಾಗಾದರೆ ಒಂದೊಂದನ್ನೂ ಬೇರೆ ಬೇರೆಯಾಗಿ ಕೈಯಲ್ಲಿ ಹಿಡಿದು ನೋಡಬೇಕು. ಊಟ, ಕಾಯಿಲೆ, ಮದುವೆ, ಸಾವು ಎಂಬ ನಾಲ್ಕು ಬಾಗಿಲುಗಳಿಂದ ಒಳಗೆ ಹೋಗೋಣ.

ಊಟದ ವಿಷಯದಲ್ಲಿ ಬಾಣಂತನಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ನಮ್ಮ ಮನೆಗಳಲ್ಲಿ ಹೆರಿಗೆಯಾದರೆ ಊರಿಂದ ಅಮ್ಮನೋ ಅತ್ತೆಯೋ ಬರುತ್ತಾರೆ. ಸೂಟ್‌ಕೇಸಿನಲ್ಲಿ ಮೆಣಸಿನ ಪುಡಿ, ಒಣಶುಂಠಿ, ಅಂಟು, ಬಜೆ ಎಲ್ಲ ಇರುತ್ತದೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಎಣ್ಣೆ ನೀರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ತುಪ್ಪ. ಯಾವುದು ಉಷ್ಣ, ಯಾವುದು ತಂಪು, ಯಾವುದು ವಾಯು ಎಂಬ ಪಟ್ಟಿ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಈ ಪಟ್ಟಿಯಲ್ಲಿ ಕೆಲವು ಮಾತು ನಿರಪಾಯ, ಕೆಲವು ರುಚಿಕರ. ಕೆಲವು ಮಾತ್ರ ಅಪಾಯ. ಎದೆಯ ಮೊದಲ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು ಎನ್ನುವುದು ಅಪಾಯ. ಮಗುವಿಗೆ ರೋಗ ತಡೆಯುವ ಶಕ್ತಿ ಕೊಡುವುದೇ ಆ ಹಾಲು. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎನ್ನುವುದೂ ತಪ್ಪು. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು ನಮ್ಮಲ್ಲಿ ಶುಭ. ಆದರೆ ಒಂದು ವರ್ಷ ತುಂಬುವ ತನಕ ಜೇನು ಕೊಡಬಾರದೆಂದು ಇಲ್ಲಿಯ ಮಕ್ಕಳ ವೈದ್ಯರು ಹೇಳುತ್ತಾರೆ, ಏಕೆಂದರೆ ಅದರಲ್ಲಿ ಇರಬಹುದಾದ ಬೊಟುಲಿಸಂ ಕ್ರಿಮಿಯ ಬೀಜ ಎಳೆಯ ಕರುಳಿನಲ್ಲಿ ಮೊಳೆತು ವಿಷವಾಗಬಹುದು. ತೇಯ್ದು ನೆಕ್ಕಿಸುವ ಬಜೆಯನ್ನು ಆಹಾರದಲ್ಲಿ ಬಳಸಬಾರದೆಂದು ಅಮೆರಿಕದ ಎಫ್.ಡಿ.ಎ. 1968ರಲ್ಲೇ ನಿಷೇಧಿಸಿದೆ. ಅಂಗಡಿಯಲ್ಲಿ ಸಿಗುವ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುವುದು ಪತ್ತೆಯಾಗಿದೆ. ಇಂಥ ಕಡೆ ದಾಕ್ಷಿಣ್ಯ ಸಲ್ಲದು. "ನಮ್ಮನ್ನೆಲ್ಲ ಹಾಗೇ ಸಾಕಲಿಲ್ಲವೇ?" ಎಂದು ಅಮ್ಮ ಕೇಳುತ್ತಾರೆ. ನಿಜ, ಸಾಕಿದರು. ಆದರೆ ಆ ಪ್ರಶ್ನೆಯನ್ನು ಕೇಳಲು ಉಳಿದವರು ನಾವು. ಉಳಿಯದ ಕೂಸುಗಳು ಬಂದು ಸಾಕ್ಷಿ ಹೇಳುವುದಿಲ್ಲ.

ಇಷ್ಟನ್ನು ಹೇಳಿದ ಮೇಲೂ ಬಾಣಂತನ ಉಳಿಯುತ್ತದೆ. ಹೆತ್ತವಳು ಕೆಲವು ವಾರ ಒಲೆಯ ಮುಂದೆ ನಿಲ್ಲಬಾರದು, ಅವಳ ಊಟ ಬೇರೆಯವರು ಬೇಯಿಸಬೇಕು, ಅವಳ ಮೈಗೆ ಇನ್ನೊಬ್ಬ ಹೆಂಗಸು ಎಣ್ಣೆ ತಿಕ್ಕಬೇಕು, ಅವಳು ಮಲಗಬೇಕು: ಇದು ಇಡೀ ಮನೆಗೆ ಹಾಕಿದ ಕಟ್ಟಳೆ. ಅಮೆರಿಕದಲ್ಲಿ 1993ರ ಕುಟುಂಬ ರಜೆಯ ಕಾನೂನು ಹನ್ನೆರಡು ವಾರದ ರಜೆ ಕೊಡುತ್ತದೆ; ಸಂಬಳವಿಲ್ಲದೆ, ಅದೂ ಎಲ್ಲ ಕೆಲಸಗಾರರಿಗೂ ಅಲ್ಲ. ಇದರ ಪಕ್ಕದಲ್ಲಿಟ್ಟು ನೋಡಿದರೆ ಅಜ್ಜಿಯ "ಬಾಣಂತಿ ಏಳಬಾರದು" ಎಂಬ ಮಾತು ಮೌಢ್ಯವೆಂದು ಹೇಳಲು ನಾಲಿಗೆ ಬರುವುದಿಲ್ಲ.

ಆದರೆ ಇದೇ ನಂಬಿಕೆಗೆ ಇನ್ನೊಂದು ಮುಖವೂ ಇದೆ. ಬಾಣಂತಿಯನ್ನು ಪ್ರತ್ಯೇಕವಾಗಿ ಇಡಬೇಕು ಎಂಬ ಅದೇ ಮಾತು, 'ಸೂತಕ' ಎಂಬ ಭಯ ಸೇರಿದರೆ, ಅವಳನ್ನು ಊರ ಹೊರಗಿನ ಗುಡಿಸಲಿಗೆ ಕಳಿಸುತ್ತದೆ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿಟ್ಟಿದ್ದ ತಾಯಿಯ ಹಸುಗೂಸು ಮಳೆ ಚಳಿಯಲ್ಲಿ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಬೆಚ್ಚಗಿನ ಕೋಣೆಯಲ್ಲಿ ಬಾಣಂತಿಯನ್ನು ಬೇರೆ ಇಡುವುದು ಆರೈಕೆ. ಗುಡಿಸಲಲ್ಲಿ ಬೇರೆ ಇಡುವುದು ಗಡೀಪಾರು. ಎರಡಕ್ಕೂ ಬೇರು ಒಂದೇ. ಒಂದು ಕಡೆ ನಂಬಿಕೆಯ ಭಾರವನ್ನು ಮನೆಯವರೆಲ್ಲ ಹೊತ್ತರು. ಇನ್ನೊಂದು ಕಡೆ ಅದನ್ನು ಅವಳೊಬ್ಬಳ ಮೇಲೆ, ಆ ಕೂಸಿನ ಮೇಲೆ ಹೊರಿಸಿದರು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಯಿಲೆಯ ವಿಷಯಕ್ಕೆ ಬರೋಣ. ನಮ್ಮೂರುಗಳಲ್ಲಿ ಸಿಡುಬು ಎನ್ನುತ್ತಿರಲಿಲ್ಲ, "ಅಮ್ಮ ಬಂದಿದ್ದಾಳೆ" ಎನ್ನುತ್ತಿದ್ದರು. ಬೇವಿನ ಸೊಪ್ಪು, ಒಗ್ಗರಣೆಯಿಲ್ಲದ ಅಡಿಗೆ, ಮೆಲ್ಲನೆ ಮಾತು, ಹೊರಗಿನವರಿಗೆ ಪ್ರವೇಶವಿಲ್ಲ. ರೋಗಿಯನ್ನು ದೇವಿ ಇಳಿದು ಬಂದ ಮೈಯೆಂದು ನೋಡುವುದರಲ್ಲಿ ಒಂದು ದೊಡ್ಡ ಗುಣವಿತ್ತು: ಕೀವು ತುಂಬಿದ ಆ ಮೈಯನ್ನು ಕಂಡು ಅಸಹ್ಯಪಡಲು ಯಾರಿಗೂ ಅವಕಾಶವಿರಲಿಲ್ಲ. ಅದೇ ನಂಬಿಕೆಯಿಂದ, ಸೂಜಿ ಚುಚ್ಚಿದರೆ ಅಮ್ಮನಿಗೆ ಕೋಪ ಬರುತ್ತದೆಂದು ಲಸಿಕೆಯಿಂದ ಓಡಿಹೋದವರೂ ಇದ್ದರು.

ಇಲ್ಲಿ ನಮ್ಮ ಮೈಸೂರಿನದೇ ಒಂದು ಪ್ರಸಂಗವಿದೆ. ತೋಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಒಂದು ವರ್ಣಚಿತ್ರದಲ್ಲಿ ಮೂವರು ರಾಜಮನೆತನದ ಹೆಂಗಸರಿದ್ದಾರೆ. ಅವರಲ್ಲೊಬ್ಬಳು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಅವಳು, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ, ಪ್ರಜೆಗಳ ಹೆದರಿಕೆ ಕಳೆಯಲು ಬರೆಸಿದ ಚಿತ್ರ ಇದು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಜೆನ್ನರ್ ಇಂಗ್ಲೆಂಡಿನಲ್ಲಿ ತನ್ನ ಪ್ರಯೋಗ ಮಾಡಿದ್ದು 1796ರಲ್ಲಿ. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರಲ್ಲಿ, ಮುಂಬಯಿಯಲ್ಲಿ. ಅಂದರೆ ಚಾಮುಂಡಿಯನ್ನು ಕುಲದೇವತೆಯಾಗಿ ಪೂಜಿಸುವ ಅರಮನೆ ಕೆಲವೇ ವರ್ಷಗಳಲ್ಲಿ ಈ ಹೊಸ ಮದ್ದಿಗೆ ತೋಳು ಒಡ್ಡಿತು. ಅದಕ್ಕಾಗಿ ಬೆಟ್ಟದ ಪೂಜೆಯನ್ನು ಯಾರೂ ನಿಲ್ಲಿಸಲಿಲ್ಲ. ಭಾರತದ ಕೊನೆಯ ಸಿಡುಬು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಹೋಯಿತೆಂದು ಸಾರಿತು. ದೇವಿ ಹೋಗಲಿಲ್ಲ, ರೋಗ ಹೋಯಿತು. ಮಾರಮ್ಮನ ಜಾತ್ರೆಗಳು ಇಂದಿಗೂ ನಡೆಯುತ್ತವೆ. ರೋಗಕ್ಕೆ ಲಸಿಕೆ, ಭಯಕ್ಕೆ ದೇವಿ ಎಂದು ಜನ ಲೆಕ್ಕ ಬೇರೆ ಮಾಡಿಕೊಂಡರು.

ಹೀಗೆ ಲೆಕ್ಕ ಬೇರೆ ಮಾಡುವುದು ಕಪಟವೆಂದು ಕೆಲವರಿಗೆ ಅನ್ನಿಸಬಹುದು. ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದ ನಮ್ಮ ಎ.ಕೆ. ರಾಮಾನುಜನ್ ಅವರನ್ನೂ ಇದು ಕಾಡಿತ್ತು. ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಅವರ ತಂದೆ ಖಗೋಳಶಾಸ್ತ್ರವನ್ನೂ ಬಲ್ಲವರು, ಜಾತಕವನ್ನೂ ನೋಡುವವರು. ಎರಡೂ ಹೇಗೆ ಒಂದೇ ತಲೆಯಲ್ಲಿ ಇರುತ್ತವೆ ಎಂದು ಮಗ ಕೇಳಿದಾಗ, ಮಿದುಳಿಗೆ ಎರಡು ಭಾಗ ಇದೆಯಲ್ಲ ಎಂಬರ್ಥದ ತಮಾಷೆಯ ಉತ್ತರ ಬಂತಂತೆ. ರಾಮಾನುಜನ್ 1989ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಬರೆದಿದ್ದಾರೆ. ಉತ್ತರ ಸೊಗಸಾಗಿದೆ. ಆದರೆ ತಂದೆಯ ತಲೆಯೊಳಗೆ ಎರಡು ಕೋಣೆ ಇದ್ದರೆ ಯಾರಿಗೂ ತೊಂದರೆಯಿಲ್ಲ. ಒಂದು ಕೋಣೆಯ ತೀರ್ಪು ಇನ್ನೊಬ್ಬರ ಬದುಕಿನ ಮೇಲೆ ಬಿದ್ದಾಗ ತೊಂದರೆ.

ಅದು ಬೀಳುವುದು ಮೂರನೆಯ ಬಾಗಿಲಲ್ಲಿ, ಅಂದರೆ ಪ್ರೀತಿ ಮತ್ತು ಮದುವೆಯಲ್ಲಿ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗುವುದಿಲ್ಲ, ಆಶ್ಲೇಷಾ ಅತ್ತೆಗೆ ಆಗುವುದಿಲ್ಲ, ಜ್ಯೇಷ್ಠಾ ಭಾವನಿಗೆ ಆಗುವುದಿಲ್ಲ, ವಿಶಾಖಾ ಮೈದುನನಿಗೆ ಆಗುವುದಿಲ್ಲ. ಹುಡುಗನ ನಕ್ಷತ್ರದಿಂದ ಮಾತ್ರ ಯಾವ ಅತ್ತೆಗೂ ಒಂದು ನೆಗಡಿ ಕೂಡ ಬರುವುದಿಲ್ಲ! ಕಂಪ್ಯೂಟರಿನಲ್ಲಿ ಕೆಲಸ ಮಾಡುವ ನಾವೇ ಕಂಪ್ಯೂಟರಿನಲ್ಲೇ ಜಾತಕ ಕೂಡಿಸಿ, ಕುಜ ದೋಷ ಕಂಡರೆ ಫೋನ್ ಮಾಡುವುದನ್ನು ನಿಲ್ಲಿಸುತ್ತೇವೆ. "ನಾವೇನೂ ನಂಬುವುದಿಲ್ಲ, ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ" ಎನ್ನುತ್ತೇವೆ. ಸಮಾಧಾನ ನಮ್ಮದು, ಅದರ ಬೆಲೆ ಕೊಡುವವಳು ಆ ಹುಡುಗಿ. ಮದುವೆಯಾದ ವರ್ಷದಲ್ಲಿ ಮನೆಯಲ್ಲೇನಾದರೂ ಕೆಟ್ಟದ್ದಾದರೆ ಸೊಸೆಯ ಕಾಲ್ಗುಣ ಎಂಬ ಮಾತು ಬೇರೆ. ಇದನ್ನು ನಂಬುವವನು ಹೇಳಿದರೆ ಅಜ್ಞಾನ ಎನ್ನಬಹುದು. ನಂಬದೆಯೂ ಹೇಳುವವನಿಗೆ ಆ ರಿಯಾಯಿತಿಯೂ ಇಲ್ಲ.

ಕೊನೆಯದು ಸಾವು. ಇಲ್ಲಿ ನಮ್ಮ ಜಾನಪದ ಬಹಳ ಆಳಕ್ಕೆ ಹೋಗಿದೆ. ಕೆಲವು ಕಡೆ ಹತ್ತನೆಯ ದಿನ, ಕೆಲವು ಕಡೆ ಹನ್ನೊಂದನೆಯ ದಿನ ಕಾಗೆಗೆ ಅನ್ನ ಇಟ್ಟು ದೂರ ನಿಲ್ಲುತ್ತಾರೆ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ಮನೆಯವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು: "ತಂಗಿಯ ಮದುವೆ ನಾನು ಮಾಡುತ್ತೇನೆ." "ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ." "ತಮ್ಮನ ಪಾಲು ಅವನಿಗೆ ಕೊಡುತ್ತೇನೆ." ಕಾಗೆಗೆ ಇದೆಲ್ಲ ಅರ್ಥವಾಗುತ್ತದೆಯೆ? ಇಲ್ಲ. ಅದು ಹಸಿದಾಗ ಬರುತ್ತದೆ, ಜನ ದೂರ ಸರಿದಾಗ ಬರುತ್ತದೆ. ಆದರೆ ನಾಲ್ಕು ಜನರ ಎದುರಿಗೆ ಬಾಯಿಬಿಟ್ಟು ಆಡಿದ ಮಾತನ್ನು ನಾಳೆ ನುಂಗುವುದು ಕಷ್ಟ. ಸತ್ತವರ ಜವಾಬ್ದಾರಿಯನ್ನು ಇದ್ದವರ ಕೈಗೆ ದಾಟಿಸಲು ಇದಕ್ಕಿಂತ ಬಿಗಿಯಾದ ಏರ್ಪಾಟು ನನಗೆ ಗೊತ್ತಿಲ್ಲ.

ಅಮೆರಿಕದಲ್ಲಿ ನಾವು ಏನು ಮಾಡುತ್ತೇವೆ? ಮೂರು ದಿನ ರಜೆ ಸಿಕ್ಕರೆ ಪುಣ್ಯ. ಟಿಕೆಟ್ ಸಿಗುವುದರೊಳಗೆ ಊರಲ್ಲಿ ಎಲ್ಲ ಮುಗಿದಿರುತ್ತದೆ. ಕಾಗೆಯ ಕೆಲಸವನ್ನು ಅಲ್ಲಿರುವ ತಮ್ಮನಿಗೆ ಒಪ್ಪಿಸಿ, ಖರ್ಚಿಗೆ ಹಣ ಕಳಿಸುತ್ತೇವೆ. ಕಾಗೆಯನ್ನು ನಂಬದಿರುವುದು ತಪ್ಪಲ್ಲ. ಆದರೆ ಕಾಗೆಯ ಜೊತೆಗೆ ಆ ಮಾತು ಕೊಡುವುದೂ ತಪ್ಪಿಹೋಯಿತು. "ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ?" ಎಂಬ ಪ್ರಶ್ನೆ ಯಾರೂ ಗಟ್ಟಿಯಾಗಿ ಕೇಳದೆ, ಯಾರೂ ಗಟ್ಟಿಯಾಗಿ ಉತ್ತರಿಸದೆ, ಫೋನಿನಲ್ಲಿ ವರ್ಷಗಟ್ಟಲೆ ತೂಗಾಡುತ್ತದೆ. ನಂಬಿಕೆ ಬಿಟ್ಟವರು ಅದು ಹೊತ್ತಿದ್ದ ಕೆಲಸವನ್ನು ಬೇರೆ ರೀತಿಯಲ್ಲಿ ಹೊರಬೇಕಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಸಾವಿನ ಇನ್ನೊಂದು ನೆರಳೂ ಇದೆ. ಗಂಡ ತೀರಿಕೊಂಡ ಹೆಂಗಸು ಅರಿಶಿನ ಕುಂಕುಮಕ್ಕೆ ಬರಬಾರದು, ಆರತಿ ಎತ್ತಬಾರದು, ಬಾಗಿನ ಮುಟ್ಟಬಾರದು. ಈ ದೇಶದಲ್ಲಿ ನಾವು ಬಾಡಿಗೆಗೆ ಹಿಡಿಯುವ ಹಾಲುಗಳಲ್ಲೂ, ಊರಿಂದ ಆರು ತಿಂಗಳಿಗೆ ಬಂದ ಅಮ್ಮಂದಿರು ಆರತಿಯ ಹೊತ್ತಿಗೆ ತಾವಾಗಿಯೇ ಹಿಂದಿನ ಸಾಲಿಗೆ ಸರಿಯುವುದನ್ನು ನೋಡಬಹುದು. ಯಾರೂ ಅವರನ್ನು ತಳ್ಳಲಿಲ್ಲ, ನಿಜ. ಆದರೆ ಯಾರೂ ಕೈಹಿಡಿದು ಕರೆಯಲೂ ಇಲ್ಲ. ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ನಾವು ಬಾಯಲ್ಲಿ ಹೇಳದ ಪಾಠವನ್ನು ಅವರು ಕಣ್ಣಲ್ಲಿ ಕಲಿಯುತ್ತಾರೆ.

ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟರೆ ಮೂರು ಪ್ರಶ್ನೆಗಳು ಹೊಳೆಯುತ್ತವೆ. ಒಂದು, ಈ ನಂಬಿಕೆ ದೇಹದ ಬಗ್ಗೆ ಹೇಳುವ ಮಾತೋ, ನಡತೆಯ ಬಗ್ಗೆ ಹೇಳುವ ಮಾತೋ? ದೇಹದ ಬಗ್ಗೆಯಾದರೆ ಅದು ಜೇನಿನಂತೆ, ಬಜೆಯಂತೆ ಪರೀಕ್ಷೆಗೆ ನಿಲ್ಲಬೇಕು. ಅಜ್ಜಿಯ ಮೇಲಿನ ಪ್ರೀತಿ ಅಲ್ಲಿ ಸಾಕ್ಷಿಯಾಗದು. ಎರಡು, ಇದರ ಬೆಲೆಯನ್ನು ಯಾರು ತೆರುತ್ತಾರೆ? ನಾನೇ ಉಪವಾಸ ಮಾಡಿದರೆ ಅದು ನನ್ನ ವ್ರತ. ನನ್ನ ನಂಬಿಕೆಗೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದರೆ ಅದು ಅನ್ಯಾಯ. ಮೂರು, ಮಗು ಕೇಳಿದರೆ ನಿಜವಾದ ಕಾರಣವನ್ನು ನಾಚಿಕೆಯಿಲ್ಲದೆ ಹೇಳಬಲ್ಲೆನೆ? "ಕಾಗೆಗೆ ಏನೂ ತಿಳಿಯದು ಮಗಳೇ, ಆದರೆ ನಾವು ಮಾತು ಕೊಡುವುದಕ್ಕೆ ಅದೊಂದು ನೆಪ" ಎಂದು ಹೇಳಬಹುದು. "ಅಜ್ಜಿ ಹಿಂದೆ ನಿಂತದ್ದು ಯಾಕೆ ಗೊತ್ತೆ?" ಎಂದು ಶುರುಮಾಡಿ ಆ ವಾಕ್ಯವನ್ನು ಮುಗಿಸಲು ಆಗುವುದಿಲ್ಲ.

ಇದೇನೂ ಪರದೇಶಕ್ಕೆ ಬಂದು ಕಲಿತ ಬುದ್ಧಿಯಲ್ಲ. ನಾಗರಪಂಚಮಿಯ ಹಾಲಿನ ಬಗ್ಗೆ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಕೇಳಿದ ಪ್ರಶ್ನೆ ನಿಮಗೆಲ್ಲ ಗೊತ್ತು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ಮಾಡಿದರು. ಕರ್ನಾಟಕ ಸರ್ಕಾರ 2017ರಲ್ಲಿ ತಂದು 2020ರಲ್ಲಿ ಜಾರಿಗೊಳಿಸಿದ ಮೌಢ್ಯ ನಿಷೇಧದ ಕಾನೂನು ಕೂಡ ಪ್ರದಕ್ಷಿಣೆ, ಯಾತ್ರೆ, ಜ್ಯೋತಿಷ್ಯ, ವಾಸ್ತುಗಳನ್ನು ಬಿಟ್ಟು, ಮುಟ್ಟಾದ ಹಾಗೂ ಗರ್ಭಿಣಿ ಹೆಂಗಸರನ್ನು ಊರಿಂದ ಹೊರಗಿಡುವಂಥ, ಮನುಷ್ಯರನ್ನು ಹಿಂಸಿಸುವ ಆಚರಣೆಗಳ ಮೇಲೆ ಕೈ ಇಟ್ಟಿದೆ. ಕಾನೂನಿನ ಗೆರೆ ಸ್ವಲ್ಪ ಆಚೀಚೆ ಇರಬಹುದು. ಜಾತಕದಿಂದ ಹುಡುಗಿಯರಿಗಾಗುವ ನೋವು ಕಾನೂನಿಗೆ ಕಾಣದು. ಅದನ್ನು ನೋಡಿಕೊಳ್ಳಬೇಕಾದವರು ನಾವು.

ಹಿರಿಯರ ಒಂದು ಆಕ್ಷೇಪ ಇದ್ದೇ ಇದೆ: "ಹೀಗೆ ಬೇಕಾದ್ದು ಹೆಕ್ಕಿ, ಬೇಡದ್ದು ಬಿಸಾಡಿದರೆ ಉಳಿಯುವುದೇನು? ನಂಬಿಕೆಯಿಲ್ಲದ ಆಚರಣೆ ನಾಟಕವಲ್ಲವೆ?" ಈ ಮಾತಿನಲ್ಲಿ ತೂಕವಿದೆ. ಕಾಗೆಯ ಮುಂದೆ ಮಾತು ಕೊಟ್ಟವರು ತಂದೆ ಕೇಳುತ್ತಿದ್ದಾನೆಂದು ನಿಜವಾಗಿ ನಂಬಿದ್ದರು; ಆ ನಡುಕ ನಮ್ಮ ಮಕ್ಕಳಿಗೆ ಬಾರದು. ಏನೋ ಒಂದು ಕಳೆದುಹೋಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಹೆಕ್ಕುವುದು ನಮ್ಮಿಂದ ಶುರುವಾದದ್ದಲ್ಲ. ಮಲೆನಾಡಿನ ಬಾಣಂತನ ಬೇರೆ, ಬಯಲುಸೀಮೆಯದು ಬೇರೆ; ಲಸಿಕೆಗೆ ತೋಳು ಒಡ್ಡಿದ ರಾಣಿಯೂ ಹೆಕ್ಕಿದವಳೇ. ಒಂದು ಮನೆಯ ಪದ್ಧತಿ ಎಂದರೆ ಹಿಂದಿನವರು ಉಳಿಸಿಕೊಂಡದ್ದು ಮತ್ತು ಬಿಟ್ಟದ್ದು ಎರಡೂ ಸೇರಿದ್ದು. ಸುಳ್ಳು ಹೇಳಿ ನಂಬಿಸಿದ ಮಗು ದೊಡ್ಡದಾದ ಮೇಲೆ ನಂಬಿಕೆಯನ್ನೂ ಬಿಡುತ್ತದೆ, ನಮ್ಮನ್ನೂ ಬಿಡುತ್ತದೆ. ನಿಜ ಹೇಳಿಸಿಕೊಂಡ ಮಗು ನಂಬಿಕೆಯನ್ನು ಬಿಟ್ಟರೂ "ಹೋಗಿ ಬರ್ತೀನಿ" ಎನ್ನುವುದನ್ನು ಬಿಡಲಿಕ್ಕಿಲ್ಲ.

ಆದ್ದರಿಂದ ತಲೆಬರಹದ ಪ್ರಶ್ನೆಗೆ ನನ್ನ ಉತ್ತರ ಇದು: ನಾವು ನಂಬದ್ದನ್ನು, ನಂಬುತ್ತೇವೆಂದು ನಟಿಸಿ ಕೊಡಬಾರದು. ನಾವು ನಂಬದಿದ್ದರೂ ಪ್ರೀತಿಸುವುದನ್ನು, ಹಾಗೆಂದೇ ಹೇಳಿ ಕೊಡಬಹುದು. ಇನ್ನೊಬ್ಬರ ಮೇಲೆ ಭಾರ ಹೇರುವುದನ್ನು, ನಂಬಿದರೂ ನಂಬದಿದ್ದರೂ ಕೊಡಕೂಡದು. ಇದನ್ನು ಮಕ್ಕಳಿಗೆ ಭಾಷಣ ಮಾಡಿ ಹೇಳಬೇಕಾಗಿಲ್ಲ. ಮುಂದಿನ ಹಬ್ಬದ ಕೂಟದಲ್ಲಿ ಆರತಿಯ ತಟ್ಟೆಯನ್ನು ಹಿಂದಿನ ಸಾಲಿನಲ್ಲಿ ಕುಳಿತ ಅಮ್ಮನ ಕೈಗೆ ಮೊದಲು ಕೊಟ್ಟರೆ ಸಾಕು. ಅವರು ಬೇಡವೆಂದರೆ ಒತ್ತಾಯ ಬೇಡ. ಆದರೆ ಕೊಡದೆ ಇರುವುದು ಬೇಡ.

ಈ ಬರಹವನ್ನು ಒಪ್ಪದವರು ನಮ್ಮಲ್ಲಿ ಖಂಡಿತ ಇದ್ದಾರೆ. ದಯವಿಟ್ಟು ಬರೆಯಿರಿ. ಒಪ್ಪುವವರು, ನಿಮ್ಮ ಮನೆಯಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ, ಮಕ್ಕಳಿಗೆ ಏನೆಂದು ಹೇಳಿದಿರಿ ಎಂದು ಬರೆಯಿರಿ. ಊರಿಂದ ಹಿರಿಯರು ಬಂದಿದ್ದರೆ ಅವರನ್ನೂ ಕೇಳಿ. ಅವರು ಬರೆದದ್ದನ್ನು ಅವರ ಅಕ್ಷರದಲ್ಲೇ ಕಳಿಸಿ.